ಭಾವನ ಬೆನ್ನಿಲ್ಲದ ಅಂಗಿ

ಒಂದು ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಮ್ಮ ಭಾವ ಬೆನ್ನಿಲ್ಲದ ಅಂಗಿ ತೊಟ್ಟುಕೊಂಡು ಮನೆಗೆ ಬಂದರು. ಮುಂದಿನಿಂದ ನೋಡಿದರೆ ಯಾವ ಕೊರತೆಯೂ ಇರಲಿಲ್ಲ. ಕಾಲರು ಇತ್ತು, ಗುಂಡಿಗಳು ಇದ್ದವು, ಜೇಬಿನಲ್ಲಿ ಪೆನ್ನೂ ಇತ್ತು. ಹಿಂದಿನಿಂದ ನೋಡಿದರೆ ಮಾತ್ರ ಹೆಗಲಿನಿಂದ ಸೊಂಟದವರೆಗೆ ಬರೀ ಭಾವನೇ ಕಾಣುತ್ತಿದ್ದರು. ಒಳಗೆ ಬನಿಯನ್ ಹಾಕುವ ಅಭ್ಯಾಸ ಅವರಿಗಿಲ್ಲ.

ಕತ್ತರಿಸಿದವರ ಮೇಲೆ ತಪ್ಪು ಹೊರಿಸುವಂತಿಲ್ಲ. ವಿಮಾನ ಕಲಿಯುವವರ ಲೋಕದಲ್ಲಿ ಅದೊಂದು ಮರ್ಯಾದೆ. ಶಿಷ್ಯ ಮೊದಲ ಸಲ ಒಬ್ಬನೇ ಹಾರಿ, ವಿಮಾನವನ್ನೂ ತನ್ನನ್ನೂ ಇಡಿಯಾಗಿ ವಾಪಸು ತಂದರೆ, ಗುರುಗಳು ಅವನ ಅಂಗಿಯ ಬೆನ್ನನ್ನು ಕತ್ತರಿಸಿ, ಮೇಲೆ ತಾರೀಖು ಬರೆದು, ಕ್ಲಬ್ಬಿನ ಗೋಡೆಗೆ ಮೊಳೆ ಹೊಡೆದು ನೇತುಹಾಕುತ್ತಾರೆ. ಹಿಂದಿನ ಕಾಲದಲ್ಲಿ ಗುರುಗಳು ಹಿಂದಿನ ಸೀಟಿನಲ್ಲಿ ಕೂತಿರುತ್ತಿದ್ದರಂತೆ. ಇಂಜಿನ್ನಿನ ಸದ್ದಿನಲ್ಲಿ ಕೂಗಿದರೆ ಕೇಳುವುದಿಲ್ಲವಲ್ಲ, ಅದಕ್ಕೆ ಶಿಷ್ಯನ ಅಂಗಿ ಹಿಡಿದು ಎಡಕ್ಕೆ ಬಲಕ್ಕೆ ಎಳೆಯುತ್ತಿದ್ದರಂತೆ. ಇನ್ನು ಎಳೆಯುವ ಅಗತ್ಯವಿಲ್ಲ ಎಂದು ಸಾರುವುದಕ್ಕೆ ಈ ಕತ್ತರಿ. ಬುದ್ಧಿ ಇದ್ದವರು ಆ ಹೊತ್ತಿಗೆ ಹಳೇ ಅಂಗಿ ಹಾಕಿಕೊಂಡು ಹೋಗುತ್ತಾರೆ. ಭಾವ ಹಾಕಿಕೊಂಡು ಹೋಗಿದ್ದು ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ್ದಕ್ಕೆ ಅತ್ತಿಗೆ ತಾವೇ ಬಟ್ಟೆ ಆರಿಸಿ ಹೊಲಿಸಿಕೊಟ್ಟ ನೀಲಿ ಪಟ್ಟೆಯ ಅಂಗಿ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ತಮ್ಮ ಗಂಡ ವಿಮಾನ ಕಲಿಯುತ್ತಿದ್ದಾರೆ ಎಂಬುದೇ ಅತ್ತಿಗೆಗೆ ಗೊತ್ತಿರಲಿಲ್ಲ.

ಭಾವ ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಉದ್ಯೋಗ ಲಿಫ್ಟ್ ತಪಾಸಣೆ. ಊರಿನ ಯಾವ ಲಿಫ್ಟ್ ಹತ್ತಿದರೂ ಗುಂಡಿಗಳ ಪಕ್ಕದಲ್ಲಿ 'ಆರು ಜನ ಮಾತ್ರ' ಎಂಬ ತಗಡು ಇರುತ್ತದೆ, ಅದರ ಕೆಳಗೆ ಭಾವನ ಸಹಿ ಇರುತ್ತದೆ. ಬಸ್ಸು ಹತ್ತಿದರೆ ತುರ್ತು ಬಾಗಿಲು ತೆರೆಯುತ್ತದೋ ಇಲ್ಲವೋ ನೋಡಿಯೇ ಕೂರುವ ಮನುಷ್ಯ. ಮನೆಯ ಕುರ್ಚಿಯನ್ನೂ ಒಮ್ಮೆ ಅಲ್ಲಾಡಿಸಿ ನೋಡದೆ ಕೂತವರಲ್ಲ. ಇಂಥವರಿಗೆ ಐವತ್ತೆರಡನೇ ವಯಸ್ಸಿನಲ್ಲಿ ಹಾರುವ ಹುಚ್ಚು ಹಿಡಿಯಿತು ಎಂದರೆ ಯಾರೂ ನಂಬುವುದಿಲ್ಲ. ನಾನೂ ನಂಬಿರಲಿಲ್ಲ.

"ಇಪ್ಪತ್ತಾರು ವರ್ಷದಿಂದ ಮೇಲೆ ಹೋಗ್ತಾನೇ ಇದೀನಿ ಕಣೋ. ಒಂದ್ಸಲಾನೂ ಆಕಾಶ ಸಿಕ್ಕಿಲ್ಲ. ಕೊನೇಲಿ ಯಾವಾಗ್ಲೂ ನೀರಿನ ಟ್ಯಾಂಕೇ ಸಿಗುತ್ತೆ" ಎಂದಿದ್ದರು ಭಾವ. ಆ ಮಾತಿಗೆ ನಾನು ಕರಗಿಬಿಟ್ಟೆ.

ಅತ್ತಿಗೆಗೆ ಹೇಳಿ ಎಂದು ನಾನು ಹೇಳದೇ ಇರಲಿಲ್ಲ. ಆದರೆ ಒಮ್ಮೆ ಮನೆಯ ಮೇಲೆ ಒಂದು ಸಣ್ಣ ವಿಮಾನ ಹಾದು ಹೋದಾಗ, ಬಟ್ಟೆ ಒಣಹಾಕುತ್ತಿದ್ದ ಅತ್ತಿಗೆ ತಲೆಯೆತ್ತಿ, "ಪಾಪ, ಅದರಲ್ಲಿ ಕೂತೋರ ಮನೆಯವರು ಹೇಗೆ ನಿದ್ದೆ ಮಾಡ್ತಾರೋ" ಎಂದರಂತೆ. ಭಾವ ಆ ಮಾತನ್ನು ತೀರ್ಪು ಎಂದೇ ತಿಳಿದುಕೊಂಡರು. ಅಷ್ಟರಲ್ಲಿ ಡಾಕ್ಟರು ಅವರಿಗೆ ನಡೆಯಲು ಹೇಳಿದ್ದು ಅನುಕೂಲವಾಯಿತು. ಭಾನುವಾರ ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ನಡಿಗೆ, ಜೊತೆಗೆ ನಾನು. ಹದಿನಾಲ್ಕು ತಿಂಗಳು ನಾವು ಹೀಗೆ ನಡೆದೆವು. ನನ್ನ ಕಾರಿನಲ್ಲಿ ಊರಾಚೆಯ ಹಾರಾಟದ ಕ್ಲಬ್ಬಿಗೆ ಹೋಗುವುದು, ಭಾವ ಆಕಾಶಕ್ಕೆ, ನಾನು ಕ್ಲಬ್ಬಿನ ಬೆಂಚಿಗೆ. ಅಲ್ಲಿ ಬಿಸ್ಕತ್ತು ಚೆನ್ನಾಗಿರುತ್ತಿತ್ತು. ಜೊತೆಯಲ್ಲಿ ನಡೆಯುವ ನೀವು ನಾಲ್ಕು ಕಿಲೋ ಹೆಚ್ಚಾದದ್ದು ಹೇಗೆ ಎಂದು ನನ್ನ ಹೆಂಡತಿ ಒಮ್ಮೆ ಕೇಳಿದ್ದೂ ಉಂಟು.

ಕ್ಲಬ್ಬು ಎಂದರೆ ಒಂದು ಡಾಂಬರು ಪಟ್ಟಿ, ಒಂದು ತಗಡಿನ ಶೆಡ್ಡು, ಎರಡೇ ಸೀಟಿನ ಎರಡು ವಿಮಾನ, ಮತ್ತು ಕ್ಯಾಪ್ಟನ್ನಮ್ಮ. ಕ್ಯಾಪ್ಟನ್ನಮ್ಮನಿಗೆ ಅರವತ್ತು ದಾಟಿತ್ತು. ಎತ್ತರ ಐದಡಿ ಇದ್ದರೆ ಹೆಚ್ಚು. ಎರಡು ದಿಂಬು ಹಾಕಿಕೊಂಡು ಕೂತರೆ ಮಾತ್ರ ಅವರಿಗೆ ರನ್‌ವೇ ಕಾಣುತ್ತಿತ್ತು. ಮೊದಲನೇ ದಿನ ಭಾವ ವಿಮಾನದ ಸುತ್ತ ಮುಕ್ಕಾಲು ಗಂಟೆ ಸುತ್ತಿದರು. ಒಂದೊಂದು ಮೊಳೆಯನ್ನೂ ಮುಟ್ಟಿ ನೋಡಿದರು. ಆಮೇಲೆ, "ಇದಕ್ಕೆ ಸಹಿ ಹಾಕಿದ ಇನ್‌ಸ್ಪೆಕ್ಟರ್ ಯಾರು?" ಎಂದು ಕೇಳಿದರು. ಬೇರೆ ಗುರುಗಳಾಗಿದ್ದರೆ ಸಿಟ್ಟಾಗುತ್ತಿದ್ದರೇನೋ. ಕ್ಯಾಪ್ಟನ್ನಮ್ಮ ಮಾತ್ರ, "ಮೂವತ್ತು ವರ್ಷದಲ್ಲಿ ಈ ಪ್ರಶ್ನೆ ಕೇಳಿದ ಮೊದಲನೇ ಶಿಷ್ಯ ನೀವು" ಎಂದು ಖುಷಿಯಾದರು.

ಹಾರುವುದು ಭಾವನಿಗೆ ಬೇಗ ಒಲಿಯಿತು. ರೇಡಿಯೋ ಒಲಿಯಲಿಲ್ಲ. ಅದರಲ್ಲಿ ನಾನು ಇಂಥವನು, ಇಲ್ಲಿದ್ದೇನೆ, ಇಳಿಯುತ್ತೇನೆ ಎಂದು ಮೂರು ಮಾತಿನಲ್ಲಿ ಮುಗಿಸಬೇಕು. ಭಾವ, "ನಮಸ್ಕಾರ, ತೊಂದರೆ ಇಲ್ಲ ಅಂದ್ರೆ ಸ್ವಲ್ಪ ಇಳೀಬಹುದಾ, ಅವಸರ ಏನಿಲ್ಲ" ಎನ್ನುತ್ತಿದ್ದರು. ಅಷ್ಟು ಹೊತ್ತಿಗೆ ರನ್‌ವೇ ಮುಗಿದುಹೋಗಿರುತ್ತಿತ್ತು. ಇಳಿಯುವುದೂ ಸುಲಭವಿರಲಿಲ್ಲ. ಗಾಳಿ ಪಕ್ಕದಿಂದ ಬೀಸಿದರೆ ವಿಮಾನದ ಮೂತಿ ಒಂದು ಕಡೆ, ಅದು ಹೋಗುವ ದಾರಿ ಇನ್ನೊಂದು ಕಡೆ. ಎರಡನ್ನೂ ನೆಲ ಮುಟ್ಟುವ ಕ್ಷಣಕ್ಕೆ ಸರಿಯಾಗಿ ಕೂಡಿಸಬೇಕು. ಎಷ್ಟೋ ಭಾನುವಾರ ಭಾವ ಬೆವರಿನಲ್ಲಿ ತೊಯ್ದು ಕೆಳಗಿಳಿಯುತ್ತಿದ್ದರು. ಮನೆಯಲ್ಲಿ ಅತ್ತಿಗೆ, "ಇವತ್ತು ಚೆನ್ನಾಗಿ ನಡೆದಿದೀರಿ" ಎಂದು ಮೆಚ್ಚಿ ಟವೆಲ್ಲು ಕೊಡುತ್ತಿದ್ದರು.

ಕೊನೆಗೆ ಆ ಭಾನುವಾರ, ಎರಡು ಸುತ್ತು ಹೊಡೆಸಿದ ಮೇಲೆ ಕ್ಯಾಪ್ಟನ್ನಮ್ಮ ತಮ್ಮ ದಿಂಬುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕೆಳಗಿಳಿದುಬಿಟ್ಟರು. "ಇನ್ನು ನೀವುಂಟು, ಅದುಂಟು" ಎಂದು ಬಾಗಿಲು ಹಾಕಿದರು. ಭಾವ ಒಬ್ಬರೇ ಏರಿದರು, ಒಂದು ಸುತ್ತು ಹಾಕಿದರು, ಇಳಿದರು. ಇಳಿದವರ ಕಣ್ಣಲ್ಲಿ ನೀರಿತ್ತು. "ಒಬ್ಬನೇ ಇದ್ರೆ ಅದು ಎಷ್ಟು ಹಗುರ ಗೊತ್ತೇನೋ? ಹಿಡಿದಷ್ಟೂ ಮೇಲೆ ಹೋಗುತ್ತೆ. ಹಾಡ್ಬಿಟ್ಟೆ ಕಣೋ, ಜೋರಾಗಿ" ಎಂದರು. ನನ್ನ ಭಾವ ಹಾಡಿದ್ದನ್ನು ಇವತ್ತಿನವರೆಗೂ ಯಾರೂ ಕೇಳಿಲ್ಲ. ಅಷ್ಟರಲ್ಲಿ ಹಿಂದಿನಿಂದ ಕತ್ತರಿಯ ಸದ್ದು ಕೇಳಿಸಿತು.

ಮನೆಯ ಹತ್ತಿರ ಬಂದ ಮೇಲೆ ನಮಗೆ ಪ್ರಜ್ಞೆ ಬಂತು. ಭಾವ ಗೋಡೆಗೆ ಬೆನ್ನು ಕೊಟ್ಟುಕೊಂಡು ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತ ಕಟ್ಟಡದೊಳಗೆ ಬಂದರು. ಕೆಳಗಿನ ಅಂಗಡಿಯ ಟೈಲರಣ್ಣ ಹಲ್ಲಿನಲ್ಲಿ ಸೂಜಿ ಕಚ್ಚಿಕೊಂಡೇ ನೋಡಿದ. ಮೆಟ್ಟಿಲ ಬುಡದಲ್ಲಿ ಮಲಗಿದ್ದ ಜಮೇದಾರ ಎದ್ದು, ಯಾವತ್ತೂ ಇಲ್ಲದ ಆಸಕ್ತಿಯಿಂದ ಭಾವನ ಕಾಲು ಮೂಸುತ್ತ ಹಿಂಬಾಲಿಸಿದ. ಜಮೇದಾರ ಎಂದರೆ ಎರಡನೇ ಮಹಡಿಯ, ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದ ಹೆಡ್‌ಮೇಡಮ್ಮರ ನಾಯಿ. ಮೀಸೆಗೋಸ್ಕರ ಕಟ್ಟಡದವರು ಇಟ್ಟ ಹೆಸರು. ಹದಿಮೂರು ವರ್ಷ ವಯಸ್ಸು, ಬಾಯಲ್ಲಿ ಉಳಿದದ್ದು ನಾಲ್ಕು ಹಲ್ಲು, ಅದರಲ್ಲಿ ಎರಡು ಅಲ್ಲಾಡುತ್ತಿದ್ದವು.

ಬಾಗಿಲಲ್ಲೇ ಅತ್ತಿಗೆ ನಿಂತಿದ್ದರು. ಒಳಗೆ ಹೋಗಬೇಕೆಂದರೆ ಭಾವ ತಿರುಗಲೇಬೇಕಾಗಿತ್ತು. ತಿರುಗಿದರು.

"ಅಯ್ಯೋ! ಏನ್ರೀ ಇದು? ಬೆನ್ನೆಲ್ಲಿ?"

ನೇರವಾಗಿ ಕೇಳಿದರೆ ಭಾವನಿಗೆ ಸುಳ್ಳು ಹೇಳಲು ಬರುವುದಿಲ್ಲ. ನಿಜ ಹೇಳಲು ಧೈರ್ಯವಿರಲಿಲ್ಲ. ಆದ್ದರಿಂದ ಬಾಯಿ ತೆರೆದುಕೊಂಡು ನಿಂತರು. ಸಹಾಯ ಮಾಡೋಣ ಎಂದು ಹೊರಟವನು ನಾನು.

"ನಾಯಿ" ಎಂದೆ.

ನನ್ನ ಮನಸ್ಸಿನಲ್ಲಿ ಇದ್ದದ್ದು ದೂರದ, ಊರಾಚೆಯ, ಹೆಸರಿಲ್ಲದ ಒಂದು ನಾಯಿ. ಆದರೆ ನಾನು ಆ ಮಾತು ಆಡಿದ್ದಕ್ಕೂ ಜಮೇದಾರ ಕೊನೆಯ ಮೆಟ್ಟಿಲು ಹತ್ತಿ ಭಾವನ ಕಾಲ ಸಂದಿಯಿಂದ ತಲೆ ಹೊರಹಾಕಿದ್ದಕ್ಕೂ ಸರಿಹೋಯಿತು.

"ಜಮೇದಾರನಾ?" ಎಂದು ಅತ್ತಿಗೆ ಕಿರುಚಿದರು. ಆ ಒಂದು ಕೂಗಿಗೆ ಕಟ್ಟಡದ ಅಷ್ಟೂ ಬಾಗಿಲು ತೆರೆದುಕೊಂಡವು. ಭಾವ ಅಲ್ಲ ಎನ್ನಲು ತಲೆಯಾಡಿಸಿದರು. ಆದರೆ ಗಾಬರಿಯಲ್ಲಿ ಅದು ಹೌದೂ ಆಗದೆ ಅಲ್ಲವೂ ಆಗದೆ ಸುತ್ತು ಹಾಕಿತು, ನೋಡಿದವರು ಹೌದು ಎಂದೇ ತೆಗೆದುಕೊಂಡರು.

ಮುಂದಿನ ಅರ್ಧ ಗಂಟೆಯಲ್ಲಿ ನಾವು ಎದುರು ಬೀದಿಯ ಡಾಕ್ಟರ ಮುಂದಿದ್ದೆವು. ಡಾಕ್ಟರು ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ನೋಡಿದರು, ದೀಪ ಬಿಟ್ಟು ನೋಡಿದರು.

"ಗಾಯ ಎಲ್ಲಮ್ಮ? ಒಂದು ಗೀರೂ ಇಲ್ವಲ್ಲ. ಇಂಜೆಕ್ಷನ್ ಬೇಕಾಗಿಲ್ಲ."

"ಬಟ್ಟೆ ಅಷ್ಟು ದೊಡ್ಡದಾಗಿ ಹೋಗಿದೆ ಡಾಕ್ಟ್ರೇ. ಒಳಗಡೆ ಕಚ್ಚಿದ್ರೆ?"

ಒಳಗಡೆ ಹೇಗೆ ಕಚ್ಚುತ್ತದೆ ಎಂದು ಕೇಳುವ ಧೈರ್ಯ ಡಾಕ್ಟರಿಗೂ ಇರಲಿಲ್ಲ. ಸೂಜಿ ತೆಗೆದರು. ಭಾವನ ತೋಳು ಮುಗಿದ ಮೇಲೆ ಅತ್ತಿಗೆ ನನ್ನ ಕಡೆ ತಿರುಗಿ, "ಇವನೂ ಪಕ್ಕದಲ್ಲೇ ಇದ್ದ" ಎಂದರು. ಸುಳ್ಳಿಗೆ ಇಷ್ಟು ಬೇಗ ಶಿಕ್ಷೆಯಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಂಜೆಗೆ ನಿವಾಸಿಗಳ ಸಂಘದ ಕಾರ್ಯದರ್ಶಿ ತುರ್ತು ಸಭೆ ಕರೆದರು. ಮಾತೆತ್ತಿದರೆ ಸುತ್ತೋಲೆ ಹೊರಡಿಸುವುದರಿಂದ ಅವರನ್ನು ಎಲ್ಲರೂ ಸುತ್ತೋಲೆ ಸಾಹೇಬರು ಎಂದೇ ಕರೆಯುವುದು. ಸಭೆಯಲ್ಲಿ ಜಮೇದಾರನ ಪೂರ್ವಾಪರ ಹೊರಗೆ ಬಂತು. ಹೋದ ವರ್ಷ ತನ್ನ ಕಡೆ ಒಂಥರಾ ನೋಡಿದ್ದ ಎಂದು ಒಬ್ಬರು ಹೇಳಿದರು. ತಮ್ಮ ಚಪ್ಪಲಿ ಎರಡು ವರ್ಷದ ಹಿಂದೆ ಕಾಣೆಯಾದದ್ದಕ್ಕೆ ಇನ್ನೊಬ್ಬರಿಗೆ ಈಗ ಕಾರಣ ಹೊಳೆಯಿತು. ನಾಯಿಯನ್ನು ನಗರಸಭೆಗೆ ಒಪ್ಪಿಸುವುದು, ಒಪ್ಪಿಸಿದ ಮೇಲೆ ವಾಪಸು ಕಟ್ಟಡಕ್ಕೆ ಬಿಟ್ಟುಕೊಳ್ಳದಿರುವುದು ಎಂದು ಠರಾವಾಯಿತು. ಬುಧವಾರ ಬೆಳಿಗ್ಗೆ ಬಂಡಿ ಬರುತ್ತದೆ ಎಂದು ಸುತ್ತೋಲೆಯೂ ಹೊರಟಿತು.

ಸೋಮವಾರ ಸಂಜೆ ನಾನು ಭಾವನ ಮನೆಯಲ್ಲಿದ್ದಾಗ ಹೆಡ್‌ಮೇಡಮ್ಮರು ಬಂದರು. ಕೈಯಲ್ಲಿ ಹೊಸ ಅಂಗಿಯ ಡಬ್ಬ ಇತ್ತು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ಅವನು ತಪ್ಪು ಮಾಡಿದಾನೆ ಅಂದ್ರೆ ಶಿಕ್ಷೆ ಆಗಲೇಬೇಕು. ಜೀವನವೆಲ್ಲ ಮಕ್ಕಳಿಗೆ ಇದನ್ನೇ ಹೇಳಿಕೊಟ್ಟವಳು ನಾನು. ನನ್ನ ನಾಯಿಗೆ ಬೇರೆ ನಿಯಮ ಮಾಡೋಕಾಗಲ್ಲ" ಎಂದರು. ಡಬ್ಬ ಮೇಜಿನ ಮೇಲಿಟ್ಟು ಹೊರಟವರು ಬಾಗಿಲ ಬಳಿ ತಿರುಗಿದರು. "ಆದ್ರೂ ಒಂದು ಮಾತು. ಆರು ತಿಂಗಳಿಂದ ಅವನಿಗೆ ಸೋಫಾ ಹತ್ತೋಕೂ ಆಗ್ತಿರಲಿಲ್ಲ. ನಿಮ್ಮ ಬೆನ್ನಿನವರೆಗೂ ನೆಗೆದ ಅಂತ ಕೇಳಿ, ತಪ್ಪು ತಿಳೀಬೇಡಿ, ಸ್ವಲ್ಪ ಸಂತೋಷಾನೂ ಆಯ್ತು."

ಅವರು ಹೋದ ಮೇಲೆ ಭಾವ ಆ ಡಬ್ಬವನ್ನು ತೆರೆಯಲಿಲ್ಲ, ಊಟವನ್ನೂ ಮಾಡಲಿಲ್ಲ. ನನ್ನನ್ನು ಬಾಲ್ಕನಿಗೆ ಎಳೆದುಕೊಂಡು ಹೋಗಿ, "ಹೇಳ್ಬಿಡ್ತೀನಿ ಕಣೋ" ಎಂದರು. ಹೇಳಿದರೆ ಭಾನುವಾರ ಹೋಗುತ್ತದೆ ಎಂದೆ. ಹೇಳದಿದ್ದರೆ ಜಮೇದಾರ ಹೋಗುತ್ತಾನೆ ಎಂದರು. ಇಬ್ಬರಲ್ಲಿ ಯಾರೂ ಒಳಗೆ ಹೋಗಿ ಹೇಳಲಿಲ್ಲ. ನಮ್ಮದು ಆ ಮಟ್ಟದ ಧೈರ್ಯ.

ಇತ್ತ ಮಂಗಳವಾರ ಅತ್ತಿಗೆ, ಬೇರೆ ಬಟ್ಟೆ ಕೂಡಿಸಿಯಾದರೂ ಆ ಅಂಗಿ ಉಳಿಯುತ್ತದೇನೋ ಎಂದು ಟೈಲರಣ್ಣನ ಅಂಗಡಿಗೆ ಒಯ್ದರು. ಅಂಗಿ ಅವನೇ ಹೊಲಿದದ್ದು. ಅವನು ಅದನ್ನು ಬೆಳಕಿಗೆ ಹಿಡಿದು, ಅಂಚನ್ನು ಬೆರಳಿನಿಂದ ಸವರಿ, ಸೂಜಿಯನ್ನು ಬಾಯಿಂದ ತೆಗೆದನಂತೆ. ಟೈಲರಣ್ಣ ಸೂಜಿ ತೆಗೆದನೆಂದರೆ ವಿಷಯ ದೊಡ್ಡದು ಎಂದೇ ಅರ್ಥ.

"ಅಕ್ಕಾ, ಇದು ಹಲ್ಲಲ್ಲ. ಕತ್ತರಿ. ಒಳ್ಳೇ ಹರಿತ ಇರೋ ಕತ್ತರಿ. ಕತ್ತರಿಸಿದೋರು ಎಡಗೈಯವರು. ಗಿಡ್ಡ ಇದಾರೆ, ಕೆಳಗಿಂದ ಮೇಲಕ್ಕೆ ಕತ್ತರಿಸಿದಾರೆ ನೋಡಿ."

ಅತ್ತಿಗೆ ಅಂಗಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. "ಯಾರಿಗೂ ಹೇಳ್ಬೇಡ" ಎಂದು ಮನೆಗೆ ಬಂದರು. ಬುಧವಾರ ಬೆಳಿಗ್ಗೆ ನನ್ನ ಹೆಂಡತಿಗೆ ಫೋನು ಬಂತು. ಫೋನು ಇಟ್ಟು ಅವಳು ನನ್ನನ್ನೇ ದಿಟ್ಟಿಸಿ ನೋಡಿದಳು. "ಅಕ್ಕ ಅಳ್ತಾ ಇಲ್ಲ, ಬೈತಾ ಇಲ್ಲ. ಭಾವ ನಾಯಿ ಒಪ್ಪಿಸೋ ಕಾಗದಕ್ಕೆ ಸಹಿ ಹಾಕ್ತಾರಾ ನೋಡ್ತೀನಿ ಅಂತಿದಾಳೆ. ಏನ್ರೀ ನಡೀತಿದೆ?" ನಾನು ಚಪ್ಪಲಿ ಹುಡುಕುವ ನೆಪದಲ್ಲಿ ಹೊರಗೆ ಬಿದ್ದೆ.

ಗೇಟಿನ ಮುಂದೆ ನಗರಸಭೆಯ ಬಂಡಿ ನಿಂತಿತ್ತು. ಇಡೀ ಕಟ್ಟಡ ಕೆಳಗಿಳಿದಿತ್ತು. ಎರಡನೇ ಇಂಜೆಕ್ಷನ್ನಿನ ದಿನವಾದ್ದರಿಂದ ಡಾಕ್ಟರೂ ಚೀಲ ಹಿಡಿದು ಬಂದಿದ್ದರು. ಹೆಡ್‌ಮೇಡಮ್ಮರು ಜಮೇದಾರನಿಗೆ ಸ್ನಾನ ಮಾಡಿಸಿ, ಮೀಸೆ ಬಾಚಿ ಕರೆತಂದಿದ್ದರು. ಬಂಡಿ ಕಂಡು ಅವನಿಗೆ ಸಂಭ್ರಮ. ಎಲ್ಲಿಗೋ ತಿರುಗಾಟಕ್ಕೆ ಎಂದುಕೊಂಡು ಬಾಲ ಅಲ್ಲಾಡಿಸುತ್ತಿದ್ದ. ಬಂಡಿಯ ಜೊತೆ ಬಂದ ಅಧಿಕಾರಿಗಳ ಕೈಯಲ್ಲಿ ಉದ್ದನೆಯ ಫಾರಂ ಇತ್ತು. 'ಕಚ್ಚಿದ ಪ್ರಾಣಿಯ ಹಿಂದಿನ ನಡತೆ' ಎಂಬ ಕಾಲಮ್ಮಿನಲ್ಲಿ ಸುತ್ತೋಲೆ ಸಾಹೇಬರು ಆಗಲೇ ಚಪ್ಪಲಿಯ ವಿಷಯವನ್ನು ಬರೆಸಿದ್ದರು.

"ಇಲ್ಲಿ ಸಹಿ ಹಾಕಿ" ಎಂದು ಅಧಿಕಾರಿಗಳು ಭಾವನ ಕಡೆ ಫಾರಂ ಚಾಚಿದರು.

ಭಾವ ಜೇಬಿನಿಂದ ಪೆನ್ನು ತೆಗೆದರು. ಮುಚ್ಚಳ ಬಿಚ್ಚಿದರು. ಅತ್ತಿಗೆ ಗೇಟಿನ ಕಂಬಕ್ಕೆ ಒರಗಿ ಆ ಪೆನ್ನನ್ನೇ ನೋಡುತ್ತಿದ್ದರು. ಭಾವ ಫಾರಮ್ಮನ್ನು ಮೇಲಿಂದ ಕೆಳಗೆ ಓದಿದರು, ಮತ್ತೆ ಓದಿದರು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದರು.

"ಆಗಲ್ಲ. ನಾನು ಇವತ್ತಿನವರೆಗೆ ಸುಳ್ಳು ಕಾಗದಕ್ಕೆ ಸಹಿ ಹಾಕಿದವನಲ್ಲ. ಈ ನಾಯಿ ನನ್ನ ಅಂಗಿಗೆ ಬಾಯಿ ಹಾಕಿಲ್ಲ. ನಾನು..." ಇಲ್ಲಿ ಒಮ್ಮೆ ಉಗುಳು ನುಂಗಿದರು. "ನಾನು ಭಾನುವಾರ ವಿಮಾನ ಹಾರಿಸ್ತೀನಿ."

ಮೊದಲು ಮಾತಾಡಿದವರು ಸುತ್ತೋಲೆ ಸಾಹೇಬರು.

"ಡಾಕ್ಟ್ರೇ, ರೋಗ ತಲೆಗೇರಿದ ಹಾಗಿದೆ!"

ಎಲ್ಲರೂ ನಾಲ್ಕು ಹೆಜ್ಜೆ ಹಿಂದೆ ಸರಿದರು. ಡಾಕ್ಟರು ಅಷ್ಟು ದೂರದಿಂದಲೇ, "ನೀರು ಕಂಡ್ರೆ ಭಯ ಆಗುತ್ತಾ?" ಎಂದು ಕೂಗಿ ಕೇಳಿದರು. ಯಾರೋ ಬಾಟಲಿ ತಂದು ಭಾವನಿಗೆ ಕೊಟ್ಟರು. ಭಾವ ಪೂರ್ತಿ ಕುಡಿದು, "ಇನ್ನೊಂದು ಸಿಗುತ್ತಾ?" ಎಂದರು. ಆದರೂ ಜನ ಒಪ್ಪಲಿಲ್ಲ. ಲಿಫ್ಟಿನಲ್ಲಿ ಏಳನೆಯವನು ಕಾಲಿಟ್ಟರೆ ಇಳಿಸಿಯೇ ಬಿಡುವ ಮನುಷ್ಯ ವಿಮಾನ ಹಾರಿಸುತ್ತಾನೆ ಎಂದರೆ ಅದು ಹುಚ್ಚಲ್ಲದೆ ಇನ್ನೇನು? ಅಧಿಕಾರಿಗಳಂತೂ ಫಾರಮ್ಮಿನಲ್ಲಿ 'ಕಚ್ಚಿಸಿಕೊಂಡವರು ವಿಮಾನ ಹಾರಿಸುವುದಾಗಿ ಬಡಬಡಿಸುತ್ತಿದ್ದಾರೆ' ಎಂದು ಬರೆದುಕೊಂಡು, "ಹಾಗಾದ್ರೆ ನಾಯಿಗೆ ಹುಚ್ಚು ಇರೋದು ಖಚಿತ. ಹತ್ತಿಸಿ ಬಂಡಿಗೆ" ಎಂದರು. ಹೆಡ್‌ಮೇಡಮ್ಮರು ಬಗ್ಗಿ ಜಮೇದಾರನ ಮೀಸೆಯನ್ನು ಇನ್ನೊಮ್ಮೆ ಸರಿಪಡಿಸಿದರು. ನಿಜ ಹೇಳಿದ್ದರಿಂದ ಸುಳ್ಳಿಗಿಂತ ಹೆಚ್ಚು ಕೆಡುಕಾಗಿತ್ತು.

ಆಗ ಅತ್ತಿಗೆ ಕಂಬ ಬಿಟ್ಟು ಮುಂದೆ ಬಂದರು.

"ಅಂಗಿ ಕತ್ತರಿಸಿದ್ದು ಯಾರು?"

"ನನಗೆ ಕಲಿಸೋರು. ಕ್ಯಾಪ್ಟನ್ನಮ್ಮ ಅಂತ."

"ಹೆಂಗಸಾ?"

"ಹೂಂ."

"ಗಿಡ್ಡ ಇದಾರಾ? ಎಡಗೈಯವರಾ?"

ಭಾವ ಬೆಚ್ಚಿದರು. "ನಿನಗೆ ಹೇಗೆ ಗೊತ್ತು?"

ಜನ ಹಿಂದೆ ಸರಿದಿದ್ದ ನಾಲ್ಕು ಹೆಜ್ಜೆಯನ್ನೂ ಮುಂದೆ ಬಂದರು. ಹುಚ್ಚಿಗಿಂತ ಇದು ರುಚಿಯಾಗಿತ್ತು. ಟೈಲರಣ್ಣ ಇನ್ನು ತಡೆಯಲಾರದೆ, "ನಾನು ಹೇಳಿರಲಿಲ್ವಾ ಅಕ್ಕಾ!" ಎಂದು ಕೂಗಿ, ಕತ್ತರಿಯ ವಿಷಯವನ್ನೆಲ್ಲ ಬಿಡಿಸಿಟ್ಟ. ಅಧಿಕಾರಿಗಳು ತಲೆ ಕೆರೆದುಕೊಂಡರು. "ಕತ್ತರಿಗೆ ನಮ್ಮ ಫಾರಮ್ಮಲ್ಲಿ ಕಾಲಂ ಇಲ್ಲ. ವಿಮಾನ ಹಾರಿಸ್ತೀನಿ ಅನ್ನೋರ ಮಾತು ನಂಬಿ ನಾಯಿ ಬಿಟ್ಟು ಬಂದೆ ಅಂದ್ರೆ ನಮ್ಮ ಮೇಲಿನವರು ನನ್ನನ್ನೇ ಬಂಡಿಗೆ ಹಾಕ್ತಾರೆ. ಕಣ್ಣಾರೆ ನೋಡಬೇಕು."

"ನೋಡೋಣ. ನಡೀರಿ" ಎಂದು ಅತ್ತಿಗೆ ಬಂಡಿಯ ಬಾಗಿಲು ತಾವೇ ತೆರೆದರು.

ಹೀಗೆ ನಾವು ನಾಯಿ ಹಿಡಿಯುವ ಬಂಡಿಯಲ್ಲಿ ಹಾರಾಟದ ಕ್ಲಬ್ಬಿಗೆ ಹೊರಟೆವು. ಮುಂದಿನ ಸೀಟಿನಲ್ಲಿ ಅಧಿಕಾರಿಗಳು, ಹೆಡ್‌ಮೇಡಮ್ಮರು, ಕಿಟಕಿಯ ಪಕ್ಕ ಜಮೇದಾರ. ಹಿಂದೆ ಪಂಜರದೊಳಗೆ ಭಾವ, ಅತ್ತಿಗೆ, ನಾನು, ಡಾಕ್ಟರು, ಟೈಲರಣ್ಣ ಮತ್ತು ಸಭೆಯ ನಡವಳಿ ಬರೆದುಕೊಳ್ಳಲು ಸುತ್ತೋಲೆ ಸಾಹೇಬರು. ಭಾವ ಅಭ್ಯಾಸಬಲದಿಂದ ತಲೆ ಎಣಿಸಿ, "ಆರು ಜನ. ಸರಿಯಾಗಿದೆ" ಎಂದರು. ಅತ್ತಿಗೆ ಅವರ ಕಡೆ ನೋಡಲಿಲ್ಲ.

ಕ್ಲಬ್ಬಿನ ಗೋಡೆಯ ಮೇಲೆ ಹತ್ತಾರು ಬೆನ್ನುಗಳು ಸಾಲಾಗಿದ್ದವು. ಕೊನೆಯದು ನೀಲಿ ಪಟ್ಟೆಯದು. ಟೈಲರಣ್ಣ ಅತ್ತಿಗೆಯ ಚೀಲದಿಂದ ಅಂಗಿ ತೆಗೆದು ಪಕ್ಕಕ್ಕೆ ಹಿಡಿದ. ಪಟ್ಟೆಗೆ ಪಟ್ಟೆ ಕೂಡಿತು. ಕ್ಯಾಪ್ಟನ್ನಮ್ಮ ಬಂದು, ವಿಷಯ ಕೇಳಿ, ಎಡಗೈಯಲ್ಲಿ ಪೆನ್ನು ಹಿಡಿದು, ಅಂಗಿಯನ್ನು ಕತ್ತರಿಸಿದ್ದು ತಾವೇ, ನಾಯಿಯಲ್ಲ ಎಂದು ಬರೆದುಕೊಟ್ಟರು. ಟೈಲರಣ್ಣ ಅವರ ಕತ್ತರಿಯನ್ನು ನೋಡಲು ಕೇಳಿದ. ಇಬ್ಬರೂ ಅದರ ಅಲಗಿನ ಬಗ್ಗೆ ಮಾತು ಶುರುವಿಟ್ಟುಕೊಂಡರು. ಅಧಿಕಾರಿಗಳು ಫಾರಂ ಹರಿದು ಹಾಕಿದರು. ಹೆಡ್‌ಮೇಡಮ್ಮರು ಬೆಂಚಿನ ಮೇಲೆ ಕೂತು, ಮೂರು ದಿನದಿಂದ ತಡೆದಿಟ್ಟದ್ದನ್ನೆಲ್ಲ ಜಮೇದಾರನ ಕಿವಿಯೊಳಗೆ ಅತ್ತುಬಿಟ್ಟರು. ನಾನು ಅವರ ಮುಂದೆ ನಿಂತು, ನಾಯಿ ಎಂದವನು ನಾನು ಎಂದೆ. ಅವರು ಕಣ್ಣೊರೆಸಿಕೊಂಡು, "ಗೊತ್ತಿತ್ತು. ನಿಮ್ಮ ಮುಖ ನೋಡಿದ್ರೇನೇ ಗೊತ್ತಾಗುತ್ತೆ. ಕೊನೇ ಬೆಂಚಿನವರು" ಎಂದರು.

ಎಲ್ಲ ಮುಗಿಯಿತು ಎಂದು ನಾವು ಬಂಡಿಯ ಕಡೆ ತಿರುಗಿದೆವು. ಅತ್ತಿಗೆ ಕದಲಲಿಲ್ಲ.

"ಹಾರಿಸಿ ತೋರಿಸಿ."

"ಈಗ್ಲೇನಾ?" ಎಂದರು ಭಾವ.

"ಇವನು ಹದಿನಾಲ್ಕು ತಿಂಗಳು ನೋಡಿದಾನೆ. ನಾನು ಒಂದ್ಸಲ ನೋಡ್ಬಾರ್ದಾ?"

ಕ್ಯಾಪ್ಟನ್ನಮ್ಮ ಕಂಬದ ತುದಿಯಲ್ಲಿ ಗಾಳಿಯ ದಿಕ್ಕು ತೋರಿಸುವ ಬಟ್ಟೆಚೀಲವನ್ನು ನೋಡಿದರು. ಅದು ರನ್‌ವೇಗೆ ಅಡ್ಡವಾಗಿ ಉಬ್ಬಿತ್ತು. "ಗಾಳಿ ಪಕ್ಕದಿಂದ ಇದೆ. ಇವರ ಮಿತಿಯೊಳಗೇ ಇದೆ, ಆದ್ರೆ ಸುಲಭ ಅಲ್ಲ" ಎಂದು ಭಾವನ ಮುಖ ನೋಡಿದರು. ಭಾವ ಅತ್ತಿಗೆಯ ಮುಖ ನೋಡಿದರು. ಆಮೇಲೆ ಹೋಗಿ ವಿಮಾನದ ಒಂದೊಂದು ಮೊಳೆಯನ್ನೂ ಮುಟ್ಟಿ ನೋಡಲು ಶುರುಮಾಡಿದರು. ಸುತ್ತೋಲೆ ಸಾಹೇಬರಿಗೆ ಅಷ್ಟರಲ್ಲಿ ಒಂದು ನಿದ್ದೆಯಾಯಿತು.

ವಿಮಾನ ಓಡಿತು, ಎದ್ದಿತು, ಒಂದು ರೆಕ್ಕೆ ಸ್ವಲ್ಪ ಬಾಗಿಸಿಕೊಂಡು ಮರಗಳ ಮೇಲೆ ತಿರುಗಿತು. ಅತ್ತಿಗೆ ನನ್ನ ತೋಳು ಹಿಡಿದುಕೊಂಡಿದ್ದರು. ಇಂಜೆಕ್ಷನ್ ಚುಚ್ಚಿದ್ದ ಜಾಗವೇ ಅದು. ಸುತ್ತು ಮುಗಿಸಿ ಭಾವ ಕೆಳಗೆ ಬಂದರು, ಇನ್ನೇನು ನೆಲ ಮುಟ್ಟಬೇಕು. ಗಾಳಿ ಒಮ್ಮೆ ನೂಕಿತು, ವಿಮಾನ ಪಕ್ಕಕ್ಕೆ ಜಾರಿತು. ಇಂಜಿನ್ ಗರ್ಜಿಸಿತು. ಭಾವ ಇಳಿಯದೆ ಮತ್ತೆ ಮೇಲಕ್ಕೆ ಹೋಗಿಬಿಟ್ಟರು.

"ಯಾಕೆ ಇಳೀಲಿಲ್ಲ? ನನಗೆ ಹೆದರಿನಾ?" ಎಂದು ಅತ್ತಿಗೆ ನನ್ನನ್ನು ಕೇಳಿದರು.

"ಓಡಿಹೋದ್ರು ಅಂತ ಬರ್ಕೊಳ್ಳಲಾ?" ಎಂದರು ಸುತ್ತೋಲೆ ಸಾಹೇಬರು.

ಕ್ಯಾಪ್ಟನ್ನಮ್ಮನ ಮುಖ ಮಾತ್ರ ಅರಳಿತ್ತು. "ಸರಿ ಹೋಗಲಿಲ್ಲ ಅನ್ನಿಸಿದ್ರೆ ಹಟ ಮಾಡ್ದೆ ವಾಪಸ್ ಮೇಲೆ ಹೋಗ್ಬೇಕಮ್ಮ. ನೋಡೋರು ಇದ್ದಾಗ ಗಂಡಸರು ಸಾಮಾನ್ಯವಾಗಿ ಹಾಗೆ ಮಾಡಲ್ಲ. ಇವರು ಮಾಡಿದ್ರು. ನಿಮ್ಮ ಮನೆಯವರು ಕ್ಷೇಮವಾಗಿ ಬರೋ ಜಾತಿ" ಎಂದರು. ನನ್ನ ತೋಳಿನ ಮೇಲಿನ ಹಿಡಿತ ಸ್ವಲ್ಪ ಸಡಿಲವಾಯಿತು.

ಎರಡನೇ ಸಲ ಭಾವ ಇಳಿದರು. ವಿಮಾನ ನೆಲ ಮುಟ್ಟಿ, ನೆಗೆದು, ಮತ್ತೆ ಮುಟ್ಟಿ, ಮತ್ತೆ ನೆಗೆದು, ಮೂರನೇ ಸಲ ಕೂತಿತು. ಅತ್ತಿಗೆ ತುಟಿ ಅಲ್ಲಾಡಿಸುತ್ತ ಎಣಿಸಿದರು. ಯಾರೂ ಹೇಳಿಕೊಡದೆ ಎಲ್ಲರೂ ಚಪ್ಪಾಳೆ ತಟ್ಟಿದರು.

ಭಾವ ಇಳಿದು ಬಂದು ಅತ್ತಿಗೆಯ ಮುಂದೆ ನಿಂತರು. ಬೆವರಿನಿಂದ ತೊಯ್ದಿದ್ದರು. ಟವೆಲ್ಲು ಇರಲಿಲ್ಲ.

"ಅವನಿಗೆ ಹೇಳಿದ್ರಿ. ನನಗೆ ಹೇಳೋಕೆ ಏನಾಗಿತ್ತು?" ಎಂದರು ಅತ್ತಿಗೆ. "ನಾನು ಏನೇನೋ ಅಂದ್ಕೊಂಡೆ, ಗೊತ್ತಾ?"

"ನೀನು ಬೇಡ ಅಂದ್ಬಿಟ್ರೆ ನಾನು ಬಿಟ್ಟುಬಿಡ್ತಿದ್ದೆ" ಎಂದರು ಭಾವ. "ಬಿಡೋಕೆ ಮನಸ್ಸಿರಲಿಲ್ಲ. ಅದಕ್ಕೇ ಹೇಳಲಿಲ್ಲ."

"ಈಗ ಬೇಡ ಅಂದ್ರೆ?"

ಭಾವ ಹಿಂತಿರುಗಿ ವಿಮಾನವನ್ನು ಒಮ್ಮೆ ನೋಡಿದರು. "ಬಿಡ್ತೀನಿ" ಎಂದರು. ಆ ಮನುಷ್ಯನಿಗೆ ಸುಳ್ಳು ಹೇಳಲು ಬರುವುದಿಲ್ಲ.

"ಅದಕ್ಕೇ ನಾನು ಅನ್ನಲ್ಲ" ಎಂದರು ಅತ್ತಿಗೆ. ಸೆರಗಿನಿಂದ ಗಂಡನ ಹಣೆ ಒರೆಸಿದರು. ಒಂದು ಹೆಜ್ಜೆ ಮುಂದೆ ಹೋದವರು ಏನೋ ನೆನಪಾದಂತೆ ತಿರುಗಿದರು.

"ಭಾನುವಾರ ಹೋಗಿ ಬನ್ನಿ. ಇಳಿದ ತಕ್ಷಣ ನನಗೆ ಫೋನ್ ಮಾಡ್ಬೇಕು. ಮೊದಲನೇ ಸಲ ಇಳಿದಾಗಲ್ಲ, ಮೂರನೇ ಸಲ ಆದ್ಮೇಲೆ."